ತಿರುಗದ ಚೆಂಡು: ನಾನು ನಕಲ್‌ಬಾಲ್ ಕಲಿತದ್ದು ಹೀಗೆ

ಬೇಸ್‌ಬಾಲ್‌ನಲ್ಲಿ ಚೆಂಡು ತಿರುಗದ ಹಾಗೆ ನಿಧಾನವಾಗಿ ಎಸೆಯುವುದಕ್ಕೆ ನಕಲ್‌ಬಾಲ್ ಅಂತಾರೆ. ಅದನ್ನು ಹಾಕಬೇಕು ಅಂತಿದ್ದರೆ ಮೊದಲು ಉಗುರು ನೋಡಿಕೊಳ್ಳಬೇಕು. ತೋರುಬೆರಳು, ನಡುಬೆರಳು ಎರಡರ ಉಗುರೂ ನೇರವಾಗಿ, ಒಂದೇ ಮಟ್ಟಕ್ಕೆ ಇರಬೇಕು. ತೀರಾ ಕತ್ತರಿಸಿದರೆ ಚೆಂಡಿನ ಮೇಲೆ ಹಿಡಿತ ಸಿಗುವುದಿಲ್ಲ, ಉದ್ದ ಬಿಟ್ಟರೆ ಸೀಳುತ್ತದೆ. ನನ್ನ ಬ್ಯಾಗಿನಲ್ಲಿ ಗ್ಲೋವ್ ಜೊತೆ ಉಗುರು ಉಜ್ಜುವ ಅರ ಯಾವಾಗಲೂ ಇರುತ್ತದೆ.

ನಾನಿರುವುದು ಬಾಸ್ಟನ್ ಹತ್ತಿರ. ವಾರಾಂತ್ಯದಲ್ಲಿ ದೊಡ್ಡವರು ಆಡುವ ಒಂದು ಬೇಸ್‌ಬಾಲ್ ಲೀಗ್‌ನಲ್ಲಿ ಪಿಚರ್, ಅಂದ್ರೆ ಬ್ಯಾಟ್ ಮಾಡುವವನಿಗೆ ಚೆಂಡು ಎಸೆಯುವವನು. ಊರು ಹಾಸನ, ಅಲ್ಲಿ ಹಾಕುತ್ತಿದ್ದದ್ದು ಲೆಗ್ ಸ್ಪಿನ್. ಬೇಸ್‌ಬಾಲ್ ಹಿಡಿಯುವಷ್ಟರಲ್ಲಿ ಮೂವತ್ತು ದಾಟಿತ್ತು, ಇನ್ನು ವೇಗ ಬೆಳೆಸುವ ಮಾತೇ ಇಲ್ಲ. ಹಾಗಾಗಿ ನಕಲ್‌ಬಾಲ್‌ಗೇ ಹೆಸರಾದ ಅಮೆರಿಕದ ಪಿಚರ್ ಟಿಮ್ ವೇಕ್‌ಫೀಲ್ಡ್ ಅವರ ಹಳೆಯ ಪಂದ್ಯಗಳನ್ನು ಹುಡುಕಿ ಹುಡುಕಿ ನೋಡಿದೆ.

ಎಂಥ ಆಟಗಾರ ಗೊತ್ತಾ! 1988ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಅವರನ್ನು ಆರಿಸಿಕೊಂಡದ್ದು ಪಿಚರ್ ಆಗಿ ಅಲ್ಲ, ಫಸ್ಟ್ ಬೇಸ್ ಕಾಯುವ ಆಟಗಾರನಾಗಿ. ಬ್ಯಾಟ್ ನಂಬಿಕೊಂಡರೆ ಕೆಳಗಿನ ಲೀಗ್ ದಾಟುವುದಿಲ್ಲ ಅಂತ ಗೊತ್ತಾದ ಮೇಲೆ ನಕಲ್‌ಬಾಲ್‌ಗೆ ಬಂದರು. 1992ರಲ್ಲಿ ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗ್ ತಲುಪಿ, ಪಿಚರ್ ಆಗಿ ಅವರ ಹೆಸರಿಗೆ 8 ಗೆಲುವು, 1 ಸೋಲು. ಆಮೇಲೆ ಅದೇ ಚೆಂಡು ಕೈಕೊಟ್ಟಿತು, 1995ರಲ್ಲಿ ತಂಡ ಅವರನ್ನು ಬಿಟ್ಟುಬಿಟ್ಟಿತು. ಬಾಸ್ಟನ್‌ನ ರೆಡ್ ಸಾಕ್ಸ್ ತಂಡ ಸೇರಿಸಿಕೊಂಡಿತು, ನಕಲ್‌ಬಾಲ್‌ನಲ್ಲೇ ಹೆಸರು ಮಾಡಿದ್ದ ಫಿಲ್ ಮತ್ತು ಜೋ ನೀಕ್ರೋ ಅಣ್ಣತಮ್ಮಂದಿರು ತಿದ್ದಿ ಕೊಟ್ಟರು, ಅದೇ ವರ್ಷ 16 ಪಂದ್ಯ ಗೆದ್ದರು. ಫಾಸ್ಟ್‌ಬಾಲ್, ಅಂದ್ರೆ ಜೋರಾಗಿ ಎಸೆಯುವ ಚೆಂಡು, ಗಂಟೆಗೆ 75 ಮೈಲಿ ಆಸುಪಾಸು ಇಟ್ಟುಕೊಂಡು 2011ರಲ್ಲಿ, 45ನೇ ವಯಸ್ಸಿನಲ್ಲಿ, 200ನೇ ಗೆಲುವು ಪಡೆದರು. 2023ರ ಅಕ್ಟೋಬರ್ 1ರಂದು ತೀರಿಕೊಂಡರು, ಬರೀ 57 ವರ್ಷ. ಆವತ್ತು ತುಂಬಾ ಸಂಕಟ ಆಯಿತು.

ಈಗ ಕೆಲಸದ ವಿಷಯ. ಎರಡು ಬೆರಳ ತುದಿಯನ್ನು ಹೊಲಿಗೆಯ ಹಿಂದೆ ಚರ್ಮಕ್ಕೆ ಒತ್ತಬೇಕು, ಹೆಬ್ಬೆರಳು ಕೆಳಗೆ, ಉಂಗುರದ ಬೆರಳು ಪಕ್ಕಕ್ಕೆ ಆಸರೆ. ಮಣಿಕಟ್ಟು ಬಿಗಿ. ಬಿಡುವಾಗ ತಿರುಚುವ ಹಾಗಿಲ್ಲ, ಸುಮ್ನೆ ಮುಂದಕ್ಕೆ ತಳ್ಳಬೇಕು. ಲೆಗ್ ಸ್ಪಿನ್ ಹಾಕಿದ ಕೈಗೆ ಇದು ಭಾರೀ ಕಷ್ಟ, ಯಾಕಂದ್ರೆ ಕೊನೇ ಗಳಿಗೆಯಲ್ಲಿ ಬೆರಳು ತಾನಾಗೇ ಚೆಂಡನ್ನು ತಿರುಗಿಸಿಬಿಡುತ್ತದೆ. ಅದಕ್ಕೆ ಚೆಂಡಿನ ಸುತ್ತ ಮಾರ್ಕರ್‌ನಿಂದ ದಪ್ಪ ಕಪ್ಪು ಗೆರೆ ಎಳೆದು, ಇಪ್ಪತ್ತು ಅಡಿ ದೂರದಿಂದ ಬಲೆಗೆ ಎಸೆಯುತ್ತಾ, ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿಕೊಂಡೆ. ಗೆರೆ ಮಸುಕಾಗಿ ಕಂಡರೆ ಚೆಂಡು ತಿರುಗಿದೆ ಅಂತ. ಗೆರೆ ಗೆರೆಯಾಗೇ ಕಾಣುವ ತನಕ ದೂರ ಹೆಚ್ಚಿಸಲಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯುತ್ತಾ ಪಂದ್ಯದಲ್ಲಿ ಪಿಚರ್ ಎಸೆಯುವ ದೂರಕ್ಕೆ, 60 ಅಡಿ 6 ಇಂಚಿಗೆ, ಬಂದೆ.

ತಿರುಗದಿದ್ದರೆ ಏನಾಗುತ್ತದೆ? ಎದ್ದ ಹೊಲಿಗೆ ಗಾಳಿಗೆ ಒಂದು ಕಡೆ ಸಿಗುತ್ತದೆ, ಇನ್ನೊಂದು ಕಡೆ ನುಣುಪು. ಗಾಳಿ ಎರಡೂ ಕಡೆ ಬೇರೆ ಬೇರೆ ಥರ ಹರಿದು ಚೆಂಡು ಪಕ್ಕಕ್ಕೆ ವಾಲುತ್ತದೆ. ಅಷ್ಟರಲ್ಲಿ ಚೂರು ತಿರುಗಿದರೂ ಹೊಲಿಗೆಯ ಜಾಗ ಬದಲಾಗಿ ಇನ್ನೊಂದು ಕಡೆಗೆ ಎಳೆಯುತ್ತದೆ. ಜಹೀರ್ ಖಾನ್ 2011ರ ಕ್ರಿಕೆಟ್ ವಿಶ್ವಕಪ್‌ನಲ್ಲಿ ನಕಲ್‌ಬಾಲ್ ಹಾಕಿದರಲ್ವಾ, ಅದೂ ಇದೇ ಹಿಡಿತದ ತಮ್ಮ. ಅಲ್ಲಿ ನಿಧಾನದ ಚೆಂಡೇ ಮುಖ್ಯ ಆಯುಧ, ಇಲ್ಲಿ ಗಾಳಿಯಲ್ಲಿನ ಓಲಾಟ.

ಪಿಚರ್‌ಗೇ ಎಲ್ಲಿ ಹೋಗುತ್ತದೆ ಗೊತ್ತಿಲ್ಲ ಅಂದಮೇಲೆ ಬ್ಯಾಟ್ ಮಾಡುವವನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಪಾಡು ಏನಿರಬೇಡ. ವೇಕ್‌ಫೀಲ್ಡ್ ಅವರ ಚೆಂಡು ಹಿಡಿಯುತ್ತಿದ್ದ ಡಗ್ ಮಿರಾಬೆಲ್ಲಿಯನ್ನು ರೆಡ್ ಸಾಕ್ಸ್ ಬೇರೆ ತಂಡಕ್ಕೆ ಕಳಿಸಿತ್ತು. ಬದಲಿಗೆ ಬಂದವರ ಕೈಯಲ್ಲಿ ಚೆಂಡು ನಿಲ್ಲಲಿಲ್ಲ. 2006ರ ಮೇ 1ರಂದು ಮಿರಾಬೆಲ್ಲಿಯನ್ನು ವಾಪಸ್ ಕರೆಸಿಕೊಂಡು, ವಿಮಾನ ನಿಲ್ದಾಣದಿಂದ ತಂಡದ ಮೈದಾನ ಫೆನ್‌ವೇ ಪಾರ್ಕ್‌ಗೆ ಪೊಲೀಸ್ ಬೆಂಗಾವಲಿನಲ್ಲಿ ತಂದರು, ಅವರು ಕಾರಿನಲ್ಲೇ ಬಟ್ಟೆ ಬದಲಾಯಿಸಿದರು. ನಮ್ಮ ಕ್ಯಾಚರ್‌ಗೆ ನಾನು ಮೊದಲು ಕೊಡಿಸಿದ್ದು ಮಿರಾಬೆಲ್ಲಿ ಬಳಸುತ್ತಿದ್ದಂಥ ದೊಡ್ಡ ಸಾಫ್ಟ್‌ಬಾಲ್ ಮಿಟ್, ಅಂದ್ರೆ ಕ್ಯಾಚರ್ ಗ್ಲೋವ್. ಚೆಂಡಿನ ಕಡೆ ಕೈ ಚಾಚಬೇಡ, ಹತ್ತಿರ ಬರಲಿ ಬಿಡು ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.

ಬೇಸ್‌ನಲ್ಲಿ ಓಡುವವನಿದ್ದರೆ ಮಾತ್ರ ಕಷ್ಟ. ಚೆಂಡು ಅಷ್ಟು ನಿಧಾನ, ಅವನು ಆರಾಮಾಗಿ ಮುಂದಿನ ಬೇಸ್ ಕದಿಯುತ್ತಾನೆ. ಅದಕ್ಕೇ ಈ ಸೀಸನ್‌ನಲ್ಲಿ ಕಾಲು ಎತ್ತುವುದನ್ನು ಕಡಿಮೆ ಮಾಡಿ, ಬೇಗ ಬಿಡುವ ಅಭ್ಯಾಸ ಜಾಸ್ತಿ ಮಾಡುತ್ತಿದ್ದೇನೆ. ಮಣಿಕಟ್ಟು ಬಿಗಿಯಾಗೇ ಇಟ್ಟುಕೊಂಡು ಅವಸರ ಮಾಡುವುದು ಇನ್ನೂ ಪೂರ್ತಿ ಕೂಡಿಬಂದಿಲ್ಲ.