ಟೀಮಿಗೆ ಆಯ್ಕೆಯಾಗದ ಮಕ್ಕಳ ಜೊತೆ ಖೋ ಖೋ: ನನ್ನ ಅನುಭವ

ಖೋ ಖೋ ಟೀಮಿಗೆ 12 ಜನ ಸಾಕು. ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬಂತು ಅಂದರೆ ಶಾಲೆಯಲ್ಲಿ ಚುರುಕಾಗಿರುವ ಆ 12 ಮಕ್ಕಳಿಗೆ ಪ್ರಾಕ್ಟೀಸ್ ಶುರುವಾಗುತ್ತದೆ, ಉಳಿದವರು ಕಾಂಪೌಂಡ್ ಪಕ್ಕ ಕೂತು ನೋಡುತ್ತಾರೆ. ಪಿ.ಟಿ. ಮೇಷ್ಟ್ರನ್ನು ನಾನು ದೂರುವುದಿಲ್ಲ, ಇಡೀ ಶಾಲೆಗೆ ಒಬ್ಬರೇ ಇದ್ದರೆ ಅವರಾದರೂ ಏನು ಮಾಡಿಯಾರು. ಆದರೆ ಮೈ ಬಗ್ಗಿಸಿ ಓಡುವುದು ಜಾಸ್ತಿ ಬೇಕಿರುವುದು ಕೂತು ನೋಡುವ ಮಕ್ಕಳಿಗೇ, ಅಲ್ವಾ? ನಮ್ಮೂರಲ್ಲಿ ಸಂಜೆ ಆಟ ಶುರು ಮಾಡಿದ್ದು ಅವರಿಗಾಗಿ.

ನಮ್ಮದು ಟಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿ. ನಾನು ಕಾಲೇಜು ಮುಗಿಯುವ ತನಕ ಖೋ ಖೋ ಆಡಿದವನು, ಈಗ ಬೇಸಾಯ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು ಭಾರತದ ಹುಡುಗರು, ಹುಡುಗಿಯರು ಇಬ್ಬರೂ ಗೆದ್ದರು. ಹುಡುಗಿಯರ ತಂಡದಲ್ಲಿ ನಮ್ಮ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಪಕ್ಕದೂರಿನ ಹುಡುಗಿ ಟಿವಿಯಲ್ಲಿ ಆಡಿದ ಮೇಲೆ ಮಕ್ಕಳನ್ನು ಕರೆಯುವ ಕೆಲಸ ಅರ್ಧ ಮುಗಿದಂತೆಯೇ ಆಯಿತು.

ಬಂದ ಮಕ್ಕಳನ್ನು ಉಳಿಸಿಕೊಳ್ಳುವುದೇ ಕಷ್ಟದ ಕೆಲಸ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಷ್ಟು ಓಡಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಳ್ಳಿ ಮಕ್ಕಳು ಹೇಗೂ ಓಡಾಡುತ್ತಾರೆ ಅನ್ನುವ ಕಾಲ ಹೋಯಿತು. ಶಾಲೆಗೆ ವ್ಯಾನು, ಬಂದ ಮೇಲೆ ಟ್ಯೂಷನ್ನು, ಆಮೇಲೆ ಮೊಬೈಲು. ಆಟಕ್ಕೆ ಬಂದ ಒಂದು ಗಂಟೆಯಲ್ಲೂ ತನ್ನ ಸರದಿಗೆ ಕಾಯುತ್ತಾ ಕೂತರೆ ಆ ಮಗು ಯಾಕೆ ಬರುತ್ತದೆ ಹೇಳಿ? ಪೂರ್ತಿ ಅಂಕಣದಲ್ಲಿ ಒಂದು ಸಲಕ್ಕೆ ಆಡುವುದು 9 ಜನ ಚೇಸರ್, 3 ಜನ ರನ್ನರ್, ಅದರಲ್ಲೂ 8 ಜನ ಚೇಸರ್‌ಗಳು ಖೋ ಬರುವ ತನಕ ಕೂತಿರುತ್ತಾರೆ. ಹಾಗಾಗಿ ನಾವು ಮೈದಾನವನ್ನು ಮೂರು ಪುಟ್ಟ ಅಂಕಣ ಮಾಡಿದೆವು. ಒಂದೊಂದರಲ್ಲಿ ನಾಲ್ಕು ಜನ ಕೂರುತ್ತಾರೆ, ಒಬ್ಬ ಅಟ್ಟಿಸುತ್ತಾನೆ, ಇಬ್ಬರು ಓಡುತ್ತಾರೆ. ಟರ್ನ್, ಅಂದರೆ ಒಂದು ಕಡೆಯವರು ಅಟ್ಟಿಸುವ ಸರದಿ, ಎರಡೇ ನಿಮಿಷ. ಖೋ ಎಷ್ಟು ಬೇಗ ಬೇಗ ಬೀಳುತ್ತದೆ ಅಂದರೆ ಕೂತವರಿಗೆ ಸುಸ್ತಾರಿಸಿಕೊಳ್ಳಲೂ ಪುರುಸೊತ್ತಿಲ್ಲ.

ಅಂಕ ಎಣಿಸುವುದನ್ನೂ ಬಿಟ್ಟೆವು. ಬದಲಿಗೆ ಪ್ರತಿ ಮಗು ಔಟಾಗದೆ ಎಷ್ಟು ಸೆಕೆಂಡ್ ಓಡಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ. ದಪ್ಪಗಿದ್ದ ಒಬ್ಬ ಹುಡುಗ ಮೊದಮೊದಲು ಮೈದಾನಕ್ಕೆ ಇಳಿದ ತಕ್ಷಣ ಔಟ್ ಆಗುತ್ತಿದ್ದ. ಈಗ ಅವನು ಬಂದ ಕೂಡಲೇ ಕೇಳುವುದು ಹೋದ ಸಲ ನಂದು ಎಷ್ಟಿತ್ತಣ್ಣ ಅಂತ. ಅವನು ಪಕ್ಕದವನ ಲೆಕ್ಕ ಕೇಳುವುದೇ ಇಲ್ಲ, ನನಗೆ ಅದು ಕಪ್ಪಿಗಿಂತ ದೊಡ್ಡದು.

ಹುಡುಗಿಯರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಏಳನೇ ಕ್ಲಾಸಿನ ತನಕ ಬರುತ್ತಾರೆ, ದೊಡ್ಡವರಾದ ಮೇಲೆ ಮನೆಯವರು ಸುಮ್ನೆ ನಿಲ್ಲಿಸಿಬಿಡುತ್ತಾರೆ. ಇದಕ್ಕೆ ಭಾಷಣ ಮಾಡಿದರೆ ಆಗುವುದಿಲ್ಲ. ನಾವು ಜಾಗ ಬದಲಾಯಿಸಿದೆವು. ಹಾಲಿನ ಡೈರಿ ಪಕ್ಕದ ಖಾಲಿ ಜಾಗವನ್ನು ಪಂಚಾಯ್ತಿಯವರನ್ನು ಕೇಳಿ ಪಡೆದೆವು. ಸಂಜೆ ಹಾಲು ಹಾಕಲು ಅಮ್ಮಂದಿರು ಕ್ಯಾನ್ ಹಿಡಿದು ಬರುವ ಹೊತ್ತೂ ಆಟದ ಹೊತ್ತೂ ಒಂದೇ. ಮಗಳು ಕಣ್ಣೆದುರಿಗೇ ಇರುತ್ತಾಳೆ, ಹಾಲು ಅಳೆಸಿ ಹೋಗುವಾಗ ಜೊತೆಗೇ ಕರೆದುಕೊಂಡು ಹೋಗುತ್ತಾರೆ. ಜೊತೆಗೆ ಒಂದು ಕಟ್ಟುನಿಟ್ಟು: ಹೆಂಗಸರು ಒಬ್ಬರಾದರೂ ಮೈದಾನದಲ್ಲಿ ಇಲ್ಲದಿದ್ದರೆ ಅವತ್ತು ಆಟ ಇಲ್ಲ. ಹಿಂದೆ ಖೋ ಖೋ ಆಡಿ, ಮದುವೆಯಾಗಿ ನಮ್ಮೂರಿಗೆ ಬಂದ ಅಕ್ಕ ಒಬ್ಬರು ಈಗ ನನ್ನ ಜೊತೆ ಸಮಸಮಕ್ಕೆ ನಿಂತು ಹೇಳಿಕೊಡುತ್ತಾರೆ. ಮುಟ್ಟಿನ ದಿನ ಆಡಬಹುದಾ, ಏನು ಹಾಕಿಕೊಂಡು ಆಡಬೇಕು ಅಂತೆಲ್ಲ ಹುಡುಗಿಯರು ಕೇಳುವುದು ಅವರನ್ನೇ. ಸ್ಕರ್ಟ್ ಕೆಳಗೆ ಲೆಗ್ಗಿಂಗ್ಸ್ ಇದ್ದರೂ ಸರಿ, ಚೂಡಿದಾರ್ ಆದರೂ ಸರಿ, ಆಡಬೇಕು ಅಷ್ಟೆ.

ಖರ್ಚು ಅಂಥದ್ದೇನಿಲ್ಲ. ಸರ್ವೆ ಮರದ ಕಂಬ, ಸಿಬಿರು ಹೋಗುವ ಹಾಗೆ ಉಜ್ಜಿ, ಸುಮಾರು ನಾಲ್ಕು ಅಡಿ ಮೇಲೆ ಕಾಣುವಂತೆ ಹೂತಿದ್ದೇವೆ. ಗೆರೆಗೆ ರಂಗೋಲಿ ಪುಡಿ ಬಳಸಿ, ಸುಟ್ಟ ಸುಣ್ಣ ಬೇಡವೇ ಬೇಡ. ಗೆರೆ ಪಕ್ಕದಲ್ಲೇ ಕೂರುವ ಆಟ ಇದು, ಸುಣ್ಣ ಕಣ್ಣಿಗೆ ಹೋದರೆ ಸುಡುತ್ತದೆ. ಆಟಕ್ಕೆ ಮೊದಲು ಎಲ್ಲರೂ ಸಾಲಾಗಿ ನಡೆದು ಕಲ್ಲು, ಗಾಜು ಆರಿಸುತ್ತಾರೆ. ಮಣ್ಣು ಸಡಿಲ ಇಲ್ಲದಿದ್ದರೆ ಡೈವ್ ಹೊಡೆಯಲು ಬಿಡುವುದಿಲ್ಲ, ಎಷ್ಟೇ ಗೋಗರೆದರೂ.

ಪರೀಕ್ಷೆ ಹೊತ್ತಿಗೆ ಅಪ್ಪಂದಿರು ಬಂದು ಇನ್ನು ಕಳಿಸಲ್ಲ ಅನ್ನುತ್ತಾರೆ. ಅವರ ಹತ್ತಿರ ವಾದ ಮಾಡುವುದಿಲ್ಲ. ಅರ್ಧ ಗಂಟೆ ಕಳಿಸಿ, ಹೇಳಿದ ಹೊತ್ತಿಗೆ ಸರಿಯಾಗಿ ಬಿಡುತ್ತೇನೆ ಅಂತ ಮಾತು ಕೊಡುತ್ತೇನೆ, ಕೊಟ್ಟ ಮಾತು ಒಂದು ನಿಮಿಷವೂ ತಪ್ಪಿಸುವುದಿಲ್ಲ. ಟ್ಯೂಷನ್ ಮೇಡಮ್ಮಿಗೂ ಹೇಳಿ ಕ್ಲಾಸನ್ನು ಸ್ವಲ್ಪ ಮುಂದಕ್ಕೆ ಹಾಕಿಸಿದ್ದೇವೆ.

ಎಸ್ಸೆಸ್ಸೆಲ್ಸಿ ಮುಗಿಸಿದವರನ್ನು ಬಿಟ್ಟುಕೊಡಬೇಡಿ. ಪಿಯುಸಿಗೆ ಹೋಗುವ ಹುಡುಗಿಯರ ಕೈಗೆ ಸೀಟಿ, ಸ್ಟಾಪ್‌ವಾಚ್ ಕೊಟ್ಟು ಒಂದೊಂದು ಅಂಕಣಕ್ಕೆ ಅಂಪೈರ್ ಮಾಡಿದ್ದೇವೆ. ಚಿಕ್ಕವರು ಹೋದ ಮೇಲೆ ಅವರೇ ಒಂದು ಆಟ ಆಡುತ್ತಾರೆ. ಮೊನ್ನೆಯಿಂದ ಡೈರಿಗೆ ಬರುವ ಅಮ್ಮಂದಿರಲ್ಲಿ ಕೆಲವರು ಕ್ಯಾನ್ ಬದಿಗಿಟ್ಟು, ಸೆರಗು ಸಿಕ್ಕಿಸಿಕೊಂಡು ಅವರ ಜೊತೆ ಕೂರಲು ಶುರು ಮಾಡಿದ್ದಾರೆ. ಅವರಿಗೂ ಒಂದು ನೋಟ್‌ಬುಕ್ ತರಬೇಕು.