ಒದೆಯುವ ಮೊದಲು ನಿಲ್ಲುವುದನ್ನು ಕಲಿಯಿರಿ

ನಿಧಾನ ಚಲನೆಗಳ ಚೀನೀ ಸಮರಕಲೆ ತೈ ಚಿಯನ್ನು ಹೊಸದಾಗಿ ಆರಂಭಿಸಿದವರಿಗೆ ಒಂದು ಮಾತು: ದಿನಕ್ಕೆ 5 ನಿಮಿಷ ‘ಝಾನ್ ಝುವಾಂಗ್’ ಮಾಡಿ. ಅಂದರೆ ಕಂಬದಂತೆ ನಿಲ್ಲುವುದು. ಚೀನಾದ ಗುರು ವಾಂಗ್ ಶಿಯಾಂಗ್‌ಝಾಯ್ (1885–1963) ಯಿಚುವಾನ್ ಎಂಬ ತಮ್ಮ ಸಮರಕಲೆ ಪದ್ಧತಿಯನ್ನು ಕಟ್ಟಿದ್ದೇ ಇದರ ಮೇಲೆ. ಪಾದಗಳ ನಡುವೆ ಭುಜದಷ್ಟು ಅಂತರ, ಮಂಡಿ ತುಸು ಸಡಿಲ, ಕೈಗಳು ಎದೆಯ ಮಟ್ಟದಲ್ಲಿ ದೊಡ್ಡ ಹಂಡೆಯನ್ನು ತಬ್ಬಿದಂತೆ. ಭುಜ ಮಾತ್ರ ಕಿವಿಯತ್ತ ಏರಬಾರದು. ಏರಿಯೇ ಏರುತ್ತದೆ, ಎರಡನೇ ನಿಮಿಷಕ್ಕೆ ನನ್ನದೂ ಏರುತ್ತಿತ್ತು. ಉಸಿರು ಬಿಡುವಾಗಲೆಲ್ಲ ಇಳಿಸಿ. ತೊಡೆ ನಡುಗಿದರೆ ಹೆದರಬೇಡಿ. ಮಂಡಿ ನೋಯುತ್ತಿದ್ದರೆ ಹಟ ಬೇಡ, ತುಸು ಮೇಲೆದ್ದು ನಿಲ್ಲಿ. ಕಾಲು ಚಾಚಿ ಬಗ್ಗುವುದೆಲ್ಲ ಇದಾದ ಮೇಲೆ, ಮೈ ಬೆಚ್ಚಗಾದಾಗ. ಹಾಸಿಗೆಯಿಂದ ಎದ್ದ ಕೂಡಲೇ ತೊಡೆಯ ಹಿಂಭಾಗವನ್ನು ಎಳೆಯಲು ಹೋಗಿ ನಾನು ಒಂದು ವಾರ ಕುಂಟಿದ್ದೇನೆ.