ಹಿತ್ತಲಿಗೆ ಬೆಕ್ಕು ನುಗ್ಗದ ಹಾಗೆ

ಕೋಲಾರದ ಕಡೆ ಹಿತ್ತಲಲ್ಲಿ ಕೊತ್ತಂಬರಿ ಬಿತ್ತಲೆಂದು ಮಣ್ಣು ಸಡಿಲಿಸಿದರೆ ಸಾಕು, ಬೆಳಗಾಗುವಷ್ಟರಲ್ಲಿ ಅಕ್ಕಪಕ್ಕದ ಬೆಕ್ಕು ಪಾತಿ ಕೆರೆದು, ಹೊಲಸು ಮಾಡಿ, ನೀಟಾಗಿ ಮಣ್ಣು ಮುಚ್ಚಿ ಹೋಗಿರುತ್ತದೆ. 5 ಅಡಿ ಬೇಲಿ ಅದಕ್ಕೆ ಲೆಕ್ಕಕ್ಕಿಲ್ಲ. ಹಾರಿ, ತುದಿಗೆ ಮುಂಗಾಲು ಸಿಕ್ಕಿಸಿ ಮೈ ಎಳೆದುಕೊಳ್ಳುತ್ತದೆ. ಹಾಗಾಗಿ ಆ ತುದಿಯೇ ಉರುಳಬೇಕು. 1 ಇಂಚಿನ ಪಿವಿಸಿ ಪೈಪಿನೊಳಗೆ ಗಟ್ಟಿ ತಂತಿ ಹಾಯಿಸಿ, ಅದರ ಮೇಲೆ 3 ಇಂಚಿನ ಪೈಪು ತೊಡಿಸಿ, ಕಂಬದಿಂದ ಕಂಬಕ್ಕೆ ಬಿಗಿಯಾಗಿ ಕಟ್ಟಿ. ತಂತಿ ಜೋತುಬಿದ್ದರೆ ಪೈಪು ಬೇಲಿಗೆ ತಾಗಿ ತಿರುಗುವುದೇ ಇಲ್ಲ.

ಪಾತಿಯ ಮೇಲೆ ಕೋಳಿ ಜಾಲರಿ ಹಾಸಿ. ಸೊಪ್ಪು ಕಣ್ಣುಗಳಿಂದ ಮೇಲೇಳುತ್ತದೆ, ಬೆಕ್ಕಿಗೆ ಕೆರೆಯಲಾಗದು. ಬೆಕ್ಕು ಓಡಿಸಲೆಂದು ನುಸಿಗುಳಿಗೆ ಇಡುವುದು ಖಂಡಿತ ಬೇಡ, ಅದು ಬೆಕ್ಕಿಗೆ ವಿಷ. ಗೇಟಿನಡಿಯ ಸಂದು ಮುಚ್ಚುವ ಮೊದಲು ಸೌದೆ ರಾಶಿಯ ಹಿಂದೆ ಮರಿಗಳಿವೆಯೇ ನೋಡಿ.